ನೀಲವ್ವನ ಒಲೆಯ ಕೆಂಡ

ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ದೆವ್ವ ಕಂಡೆ ಎಂದವರಿಗೆ, ಹೊಟ್ಟೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದವನು ನಾನು. ಆದರೆ ಆನೆಗೊಂದಿಯ ಆ ಸಂಜೆಯನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಏನು ಮಾಡಲಿ?

ಆಗ ನಿಜಾಮರ ಆಳ್ವಿಕೆ. ಜ್ವರದಿಂದ ಎದ್ದ ಅವ್ವನಿಗೆ ಹೊಳೆಯ ಗಾಳಿ ಒಳ್ಳೆಯದೆಂದು ಹಕೀಮರು ಹೇಳಿದರು. ಕುಷ್ಟಗಿಯಿಂದ ಗಾಡಿ ಕಟ್ಟಿಸಿಕೊಂಡು ಹೋಗಿ, ನೀಲವ್ವ ಎಂಬ ವಿಧವೆಯ ಮನೆಯಲ್ಲಿ ಇಳಿದೆವು. ಅವಳು ಹಿಂದಿನ ಕೋಣೆಯಲ್ಲಿದ್ದು, ಮುಂದಿನ ಎರಡನ್ನು ಯಾತ್ರೆಗೋ ಹವಾ ಬದಲಿಗೋ ಬಂದವರಿಗೆ ನಾಲ್ಕೆಂಟು ದಿನ ಬಾಡಿಗೆಗೆ ಕೊಡುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಆ ಮನೆಯೊಂದೇ.

ಅವಳದು ಒಂದೇ ಕಟ್ಟಳೆ. ಕೋಣೆಯ ಒಲೆಗೆ ಯಾರೂ ಕಡ್ಡಿ ಗೀರುವಂತಿಲ್ಲ. ಅವಳ ಒಲೆಯ ಕೆಂಡವನ್ನೇ ಕೇಳಿ ಒಯ್ಯಬೇಕು.

"ಬೆಂಕಿ ನನ್ನದಿದ್ರ ಮನಿನೂ ನನ್ನದು. ದಿನಾ ಬಂದು ಕೇಳ್ರಿ, ನೀವು ಬಂದು ಹೋಗೋರು ಅನ್ನೋದು ನಿಮಗೂ ನೆನಪಿರತೈತಿ," ಎನ್ನುತ್ತಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದ ಆ ಹೆಂಗಸಿನ ಜಾಣತನಕ್ಕೆ ನಾನು ಅಂದೇ ತಲೆದೂಗಿದ್ದೆ.

ಪಕ್ಕದ ಕೋಣೆಗೆ ಒಬ್ಬ ವ್ಯಾಪಾರಿ ಹೆಂಡತಿ, ಮಗಳೊಂದಿಗೆ ಬಂದಿದ್ದ. ಹೇಳಿದ ದಿನ ಮುಗಿದರೂ ಕದಲಲಿಲ್ಲ. ಬಾಗಿಲಿಗೆ ತನ್ನದೇ ಬೀಗ ತಂದು ಹಾಕಿದ.

"ಇನ್ನ ಈ ಖೋಲಿ ನಂದು. ಪಟೇಲರು ನಮ್ಮವರ ಅದಾರ. ಏನ್ ಮಾಡ್ಕೋತಿ ಮಾಡ್ಕೋ!" ಎಂದ.

ನೀಲವ್ವನ ಮುಖ ಬಿಳಿಚಿಕೊಂಡಿತು. ಆದರೂ ದನಿ ಏರಿಸಲಿಲ್ಲ. "ಆತಪ್ಪಾ. ಹಂಗಾರ ಒಲಿ ನೀನ ಹಚ್ಕೋ," ಎಂದು ಒಳಗೆ ಹೋದಳು.

ಅವನು ಕಡ್ಡಿ ಗೀರಿದ. ಕಡ್ಡಿ ಉರಿಯಿತು, ಕಟ್ಟಿಗೆ ಹತ್ತಲಿಲ್ಲ. ಚಿಮಣಿ ಎಣ್ಣೆ ಸುರಿದ. ಎಣ್ಣೆ ಉರಿದು ಮುಗಿಯಿತೇ ಹೊರತು ಕಟ್ಟಿಗೆಗೆ ಏನೂ ಆಗಲಿಲ್ಲ. ಬೆವತು ನನ್ನನ್ನು ಕರೆದ. ನನ್ನ ಕಡ್ಡಿಪೆಟ್ಟಿಗೆಯಿಂದ ನಾನೂ ಪ್ರಯತ್ನಿಸಿ ಸೋತೆ. ಹಸಿಯಿರಬೇಕೆಂದು ಅದೇ ಕಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಹಚ್ಚಿದರೆ ಧಗ್ಗನೆ ಹತ್ತಿತು. ಉರಿಯುತ್ತಿದ್ದುದನ್ನೇ ತಂದು ಒಲೆಗಿಟ್ಟೆ, ಆರಿತು.

ಅಷ್ಟರಲ್ಲಿ ಅವನ ಮಗಳು ಹಸಿವೆಯಿಂದ ಅಳತೊಡಗಿದಳು. ಅವನು ಒಲೆಯ ಮುಂದೆ ಕುಳಿತು ಮತ್ತೆರಡು ಕಡ್ಡಿ ಗೀರಿ ನೋಡಿದ. ಕೊನೆಗೆ ಎದ್ದು ನೀಲವ್ವನ ಬಾಗಿಲಿಗೆ ಹೋಗಿ ತಲೆ ತಗ್ಗಿಸಿದ. "ಯವ್ವಾ, ಎರಡು ಕೆಂಡ ಕೊಡ್ರಿ."

ಒಂದು ಚುಚ್ಚುಮಾತಿಲ್ಲ. ಅವಳು ಕೆಂಡದ ಜೊತೆ ಕೂಸಿಗೆಂದು ಒಂದು ರೊಟ್ಟಿಯನ್ನೂ ಕೊಟ್ಟಳು. ಅದೇ ಒಲೆ, ಅದೇ ಕಟ್ಟಿಗೆ. ಒಂದು ಊದಿಗೆ ಹತ್ತಿಕೊಂಡಿತು.

ಬೆಳಿಗ್ಗೆ ಅವರ ಗಾಡಿ ಹೋಗಿತ್ತು. ಬಾಗಿಲಲ್ಲಿ ಬೀಗವಿರಲಿಲ್ಲ.

"ಏನ್ ಮಾಡಿದ್ರಿ ನೀಲವ್ವಾರ?" ಎಂದು ಕೇಳಿದೆ.

"ನಾ ಏನ್ ಮಾಡ್ಲೆಪ್ಪಾ? ನನಗೂ ಅಂಜಿಕಿ ಬಂದೈತಿ. ಆದ್ರ ಅಂವ ಬಂದು ಕೇಳಿದ ನೋಡು, ನನಗ ಅಷ್ಟ ಸಾಕಾತು."

ಆ ಧೈರ್ಯದ ಹೆಂಗಸಿಗೆ ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ. ಒಲೆಯ ಸಂಗತಿ ಮಾತ್ರ ಇಂದಿಗೂ ಬಗೆಹರಿದಿಲ್ಲ. ನನ್ನದೇ ಮನೆಯ ಬಚ್ಚಲೊಲೆಗೆ ಕಡ್ಡಿ ಗೀರುವಾಗಲೂ, ಕಟ್ಟಿಗೆ ಹತ್ತುವವರೆಗೆ ಉಸಿರು ಹಿಡಿದಿರುತ್ತೇನೆ.