ದ್ರಾವಣದಲ್ಲಿದ್ದ ಓಲೆ

ಐವತ್ತರ ದಶಕದ ಕೊನೆಯಲ್ಲಿ ನಾವು ಪೆರಂಬೂರಿನಲ್ಲಿ ಬಾಡಿಗೆಗಿದ್ದೆವು; ಸುತ್ತಲೂ ತಮಿಳರು, ನಮ್ಮ ಮನೆಯ ಕನ್ನಡದಲ್ಲೂ ತಮಿಳು ಬೆರೆತಿತ್ತು. ನನ್ನ ಗಂಡ ರೈಲ್ವೆ ವರ್ಕ್‌ಶಾಪಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಭಾನುವಾರ ಬಂತೆಂದರೆ ತಾರಸಿಯ ನೀರಿನ ತೊಟ್ಟಿಯ ಪಕ್ಕ ಕೂತು ಚಿನ್ನ ಶುದ್ಧ ಮಾಡುತ್ತಿದ್ದರು. ಅದೊಂದು ಹುಚ್ಚು, ಹವ್ಯಾಸ. ಸವೆದ ಉಂಗುರ, ಮುರಿದ ಮೂಗುಬೊಟ್ಟು, ಹರಿದ ಸೀರೆಯ ಜರಿ, ಏನು ಸಿಕ್ಕರೂ ಆಸಿಡ್‌ನಲ್ಲಿ ಕರಗಿಸಿ, ಮತ್ತೆ ಚಿನ್ನವಾಗಿ ಇಳಿಸಿ ತೋರಿಸಬೇಕು. ನಾನು ಇಂಟರ್‌ಮೀಡಿಯೆಟ್‌ನಲ್ಲಿ ಕೆಮಿಸ್ಟ್ರಿ ಓದಿದ್ದೆ. ಹಾಗಾಗಿ ದ್ರಾವಣ ತಯಾರಿಸುವಾಗ ಪಕ್ಕದಲ್ಲಿ ನಾನಿರಬೇಕಿತ್ತು. ಮದುವೆಯಾದ ಮೇಲೆ ನಾವಿಬ್ಬರೂ ಹೆಚ್ಚು ಮಾತಾಡಿದ್ದು ಅಲ್ಲಿಯೇ.

ನಾದಿನಿಗೆ ಗಂಡು ಗೊತ್ತಾಗಿತ್ತು. ಅತ್ತೆಯ ಹಳೆಯ ವಜ್ರದ ಓಲೆಯನ್ನು ಹೊಸ ಮಾದರಿಯಲ್ಲಿ ಕಟ್ಟಿಸಿ ಅವಳಿಗೆ ಕೊಡುವುದೆಂದು ಮಾತಾಗಿತ್ತು. ಆಚಾರಿ ಹರಳುಗಳನ್ನು ಕಿತ್ತು ಕೊಟ್ಟ. ಉಳಿದ ಚಿನ್ನದಲ್ಲಿ ಬೆಸುಗೆಯೇ ಜಾಸ್ತಿ ಇದೆ, ನಾನೇ ಶುದ್ಧ ಮಾಡಿ ಕೊಡುತ್ತೇನೆ ಎಂದರು ಇವರು. ಆ ಭಾನುವಾರ ಅದನ್ನು ಕರಗಿಸಿದರು. ಸಂಜೆ ಅವರ ಮೈ ಬಿಸಿಯಾಯಿತು. ಗಾಜಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಕೆಳಗಿಳಿದು ಬಂದು ಮಲಗಿದರು. ಜ್ವರ ತಲೆಗೇರಿತು. ಆ ವಾರವೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ನಾನು ಅಳಲಿಲ್ಲ. ಅಳಬೇಕೆಂದು ಎಲ್ಲರೂ ಕಾದರು. ತಿರುವಲ್ಲಿಕೇಣಿಯಿಂದ ಬಂದ ಹೆಂಗಸರು ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ತಾವೇ ಅತ್ತರು. ಅವರ ಸೀರೆಯ ಗಂಜಿ ವಾಸನೆ ನೆನಪಿದೆ. ಅವರ ಮುಖ ಒಂದೂ ನೆನಪಿಲ್ಲ. ಕೂರು ಎಂದರೆ ಕೂರುತ್ತಿದ್ದೆ, ಊಟಕ್ಕೆ ಏಳು ಎಂದರೆ ಏಳುತ್ತಿದ್ದೆ.

ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೋದ ಮೇಲೆ ಅತ್ತೆ ತಾರಸಿಗೆ ಹೋಗಿದ್ದವರು ಮೂಗಿಗೆ ಸೆರಗು ಹಿಡಿದುಕೊಂಡು ಕೆಳಗೆ ಬಂದರು.

"ಅದೇನೋ ಮಂಜ ನೀರು ಇಟ್ಟಿದಾನಲ್ಲ, ವಾಸನೆ ತಾಂಗೋಕಾಗಲ್ಲ. ಮೋರಿಗೆ ಸುರಿದುಬಿಡೇ. ನೋಡಿದ್ರೆ ಹೊಟ್ಟೇಲಿ ಬೆಂಕಿ ಇಟ್ಟ ಹಾಗಾಗತ್ತೆ."

"ಆ ಹಳದಿ ನೀರು ಸುರೀಬಾರದು ಅತ್ತೆ. ನಿಮ್ಮ ಓಲೆ ಅದರಲ್ಲಿದೆ."

ಅತ್ತೆ ನನ್ನನ್ನು ನೋಡಿದರು. ಬುದ್ಧಿ ಪಲ್ಲಟವಾಗಿದೆ ಎಂದುಕೊಂಡಿರಬೇಕು. ಮಾವ ಈಸಿಚೇರಿನಿಂದ ಎದ್ದು ಬಂದರು. ಅವರು ಇನ್ಶೂರೆನ್ಸ್ ಆಫೀಸಿನಲ್ಲಿದ್ದು ರಿಟೈರಾದವರು. ಮಗ ಹೋದ ಮೇಲೆ ಆಡಿದ ಮಾತು ಬಹಳ ಕಡಿಮೆ.

"ಆ ನೀರಲ್ಲಿದೆಯೇನಮ್ಮಾ?"

"ಹೂಂ ಮಾವ. ಕರಗಿದೆ. ಇಳಿಸಬೇಕು."

"ನಿನಗೆ ಬರತ್ತಾ?"

"ಅವರು ಮಾಡೋದು ನೋಡಿದೀನಿ."

ಮಾರನೆಯ ಬೆಳಿಗ್ಗೆ ಇಬ್ಬರೂ ತಾರಸಿಗೆ ಹೋದೆವು. ತಟ್ಟೆ ತೆಗೆದೆ. ಹಸಿರು ಬೆರೆತ ಹಳದಿ ದ್ರಾವಣ, ತಳದಲ್ಲಿ ಬೆಳ್ಳಿಯ ಬಿಳಿ ಗಸಿ. ಅದನ್ನು ಕಾಗದದಲ್ಲಿ ಸೋಸಿದೆ. ಚಿನ್ನವನ್ನು ತಳಕ್ಕಿಳಿಸುವ ಕಬ್ಬಿಣದ ಲವಣ ಅನ್ನಭೇದಿಯ ಹಸಿರು ಹರಳುಗಳನ್ನು ನೀರಿನಲ್ಲಿ ಕರಗಿಸಿ, ಎರಡು ಹನಿ ಆಸಿಡ್ ಬಿಟ್ಟು, ಚಿನ್ನದ ದ್ರಾವಣಕ್ಕೆ ಮೆಲ್ಲಗೆ ಸುರಿದೆ. ನೊರೆ ಎದ್ದಿತು, ಕೆಂಪು ಹೊಗೆ ಬಂತು, ದ್ರಾವಣ ಕಪ್ಪಾಯಿತು. ಮಧ್ಯಾಹ್ನ ಹೋಗಿ ನೋಡಿದರೆ ತಳದಲ್ಲಿ ಏನೂ ಇರಲಿಲ್ಲ.

"ಹೋಯ್ತೇನಮ್ಮಾ?" ಎಂದರು ಮಾವ.

ಗಾಬರಿಯಾಗಬೇಕಿತ್ತು. ಆಗಲಿಲ್ಲ. ನನ್ನ ಗಂಡ ಹೇಳಿದ್ದೊಂದು ಮಾತು ಪಾಠದಂತೆ ತಲೆಗೆ ಬಂತು: ನೈಟ್ರಿಕ್ ಆಸಿಡ್ ಉಳಿದಿದ್ದರೆ ಚಿನ್ನ ಇಳಿಯುವುದಿಲ್ಲ, ಆಸಿಡ್ ಅದನ್ನು ಹಿಡಿದುಕೊಂಡೇ ಇರುತ್ತದೆ. ಅದನ್ನು ಮೊದಲು ಓಡಿಸದೆ ಅವಸರಪಟ್ಟಿದ್ದೆ. ಇದ್ದಿಲ ಒಲೆಯ ಮೇಲೆ ಮರಳಿನ ಬಾಣಲೆ ಇಟ್ಟು, ಅದರಲ್ಲಿ ಪಾತ್ರೆ ಹೂತು ಕಾಯಿಸಿದೆ. ಕುದಿಯಬಾರದು, ಇಂಗಬೇಕು. ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಸ್ವಲ್ಪ ಹಾಕಿ ಮತ್ತೆ ಇಂಗಿಸಬೇಕು. ಗಾಳಿ ಬರುವ ಕಡೆಗೆ ಬೆನ್ನು ಹಾಕಿ ಮಾವನೂ ನಾನೂ ಕೂತೆವು. ಅವರು ಬೀಸಣಿಗೆ ಹಿಡಿದಿದ್ದರು. ಆಗಾಗ ರೈಲ್ವೆ ಕೋಚ್ ಫ್ಯಾಕ್ಟರಿಯ ಕಡೆಯಿಂದ ಸೈರನ್ನಿನ ಕೂಗು ಕೇಳುತ್ತಿತ್ತು.

"ಇಷ್ಟು ಹೊತ್ತು ಇಲ್ಲಿ ಏನು ಮಾಡ್ತಿದ್ರೋ ನೀವಿಬ್ರು, ನನಗೆ ತಿಳೀತಾನೇ ಇರ್ಲಿಲ್ಲ," ಎಂದರು ಮಾವ.

"ಹೀಗೇ ಕಾಯ್ತಿದ್ವಿ ಮಾವ."

ಅವರು ತಲೆಯಾಡಿಸಿದರು. ಬೀಸಣಿಗೆಯನ್ನು ಇನ್ನೊಂದು ಕೈಗೆ ಬದಲಿಸಿದರು.

ಹೊಗೆ ಪೂರ್ತಿ ನಿಂತ ಮೇಲೆ ಆರಿಸಿ, ನೀರು ಬೆರೆಸಿ, ಹೊಸದಾಗಿ ಅನ್ನಭೇದಿ ಸುರಿದೆ. ಈ ಸಲ ದ್ರಾವಣ ಕದಡಿತು, ನೊರೆ ಬರಲಿಲ್ಲ. ಮರುದಿನ ತಳದಲ್ಲಿ ಕಂದು ಬಣ್ಣದ ಕೆಸರು ಕೂತಿತ್ತು. ಅತ್ತೆಯೂ ಮೆಟ್ಟಿಲು ಹತ್ತಿ ಬಂದು ಬಗ್ಗಿ ನೋಡಿದರು.

"ಇದು ಬರೀ ಮಣ್ಣಲ್ಲೇನೇ?"

"ಇದೇ ಚಿನ್ನ ಅತ್ತೆ. ಮೊದಲು ಹೀಗೇ ಇರತ್ತೆ."

ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಣಗಿಸಿ, ಸೋಸುವ ಕಾಗದದಲ್ಲೇ ಪೊಟ್ಟಣ ಕಟ್ಟಿದೆ. ಮಾವ ನನ್ನನ್ನೂ ಕರೆದುಕೊಂಡು ಆಚಾರಿಯ ಹತ್ತಿರ ಹೋದರು. ಗಂಡ ಸತ್ತವಳು ಇಷ್ಟು ಬೇಗ ಬೀದಿಗಿಳಿದಳೆಂದು ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಮಾವ ಅವರ ಕಡೆ ನೋಡಲಿಲ್ಲ. ಆಚಾರಿ ಪೊಟ್ಟಣವನ್ನು ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ, ಊದಿದ. ಕಂದು ಪುಡಿ ಕುಗ್ಗಿತು, ಕೆಂಪಾಯಿತು, ಇದ್ದಕ್ಕಿದ್ದಂತೆ ಒಂದು ಗುಂಡಾಗಿ ಹೊರಳಿತು. ಒರೆಗಲ್ಲಿಗೆ ಉಜ್ಜಿ ಬೆಳಕಿಗೆ ಹಿಡಿದ.

"ಯಾರು ಸ್ವಾಮಿ ಇದನ್ನ ಶುದ್ಧ ಮಾಡಿದ್ದು?" ಎಂದು ತಮಿಳಿನಲ್ಲಿ ಕೇಳಿದ.

"ಮನೆಯಲ್ಲೇ," ಎಂದರು ಮಾವ. ಅಷ್ಟೇ.

ನನಗೆ ಆಗ ಏನಾದರೂ ಅನ್ನಿಸಿತೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ. ಕೆಲಸ ಮುಗಿಯಿತು, ನಾಳೆ ಏನು ಮಾಡುವುದು, ಅದೊಂದೇ.

ನಾದಿನಿಯ ಮದುವೆ ಮುಂದಿನ ವರ್ಷ ನಡೆಯಿತು. ಆಗಿನ ಪದ್ಧತಿಯಂತೆ ನಾನು ಉಗ್ರಾಣದಲ್ಲಿ ಕೂತಿದ್ದೆ. ಧಾರೆಯಾದ ಮೇಲೆ ಅವಳು ಯಾರ ಮಾತೂ ಕೇಳದೆ ಅಲ್ಲಿಗೇ ಬಂದಳು.

"ಮನ್ನಿ, ಕಿವಿ ರೊಂಬ ನೋಯ್ತಿದೆ. ಸ್ವಲ್ಪ ನೋಡಿ."

ಹೊಸ ಓಲೆಯ ತಿರುಪು ಬಿಗಿಯಾಗಿತ್ತು. ಅರ್ಧ ಸುತ್ತು ಸಡಿಲಿಸಿದೆ. ಅವಳು ಓಡಿಹೋದಳು.

ಜೂನಿನಲ್ಲಿ ಮಾವ ನನ್ನನ್ನು ಬಿ.ಎಸ್ಸಿ.ಗೆ ಸೇರಿಸಿದರು. ಅತ್ತೆ ಕೆಲವು ದಿನ ಮಾತು ಬಿಟ್ಟರು, ಆಮೇಲೆ ಟಿಫಿನ್ ಡಬ್ಬಿಗೆ ಮೊಸರನ್ನ ಕಲಸಿ ಕೊಡತೊಡಗಿದರು. ಮೊದಲ ದಿನ ಮಾವ ಸ್ಟೇಷನ್ನಿನವರೆಗೂ ಬಂದರು. ಹೆಂಗಸರ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಯಾರನ್ನೋ ಕೇಳಿ ತಿಳಿದುಕೊಂಡು, ನನ್ನನ್ನು ಅಲ್ಲಿ ನಿಲ್ಲಿಸಿ, ಟ್ರೇನು ಬರುವವರೆಗೂ ಪಕ್ಕದಲ್ಲಿ ನಿಂತಿದ್ದರು.