ಮಗ್ಗದ ಸದ್ದಿನೊಳಗೆ ಸುದ್ದಿ ಓದುವ ದಿಲಶಾದಬಿ

ಬೆಟಗೇರಿಯ ನೇಕಾರ ಓಣಿಯಲ್ಲಿ ಇನ್ನೂ ಮಬ್ಬುಗತ್ತಲೆ. ಮಗ್ಗದ ಮಾಲೀಕ ಗೋಪಣ್ಣನ ಮನೆಯ ಕೈಮಗ್ಗಗಳು ಆಗಲೇ ಸದ್ದು ಮಾಡುತ್ತಿವೆ. ಬಾಗಿಲ ಬಳಿ ಕುಳಿತ ದಿಲಶಾದಬಿ ಚರಕ ತಿರುಗಿಸಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಾರೆ. ಪತ್ರಿಕೆ ಬಂದದ್ದೇ ತಡ, ಚರಕ ಬದಿಗೆ ಸರಿಯುತ್ತದೆ. ಮುಂಡರಗಿಯ ಈರುಳ್ಳಿ ದರ, ಶಿರಹಟ್ಟಿಯ ರಸ್ತೆ, ದಿಲ್ಲಿಯ ಭಾಷಣ, ಎಲ್ಲವನ್ನೂ ಮಗ್ಗದ ಸದ್ದು ಮೀರಿಸಿ ಓದುತ್ತಾರೆ. ನೇಯುವವರ ಕೈಗೂ ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಇವರಿಗೆ ಮೀಸಲು.

ಮುಳಗುಂದದಲ್ಲಿ ಏಳನೇ ತರಗತಿವರೆಗೆ ಓದಿದ ದಿಲಶಾದಬಿ ಮದುವೆಯಾಗಿ ಇಲ್ಲಿಗೆ ಬಂದದ್ದು ಗದಗ ಹೊಸ ಜಿಲ್ಲೆಯಾದ ವರ್ಷ. ನೂಲಿಗೆ ಬಣ್ಣ ಹಾಕುತ್ತಿದ್ದ ಮಾವ ಖಾಸಿಂಸಾಬರ ಕಣ್ಣು ಹೋಗಿತ್ತು. ಸೊಸೆ ದಿನಾ ಪತ್ರಿಕೆ ಓದಿ ಹೇಳಬೇಕು. "ಓದಿದ್ರ ಮುಗೀತಿರಲಿಲ್ರಿ. 'ಇದನ್ನ ಯಾರ ಹೇಳ್ಯಾರ? ಯಾರನ್ನ ಕೇಳೇ ಇಲ್ಲ?' ಅಂತಿದ್ರು. ಒಲಿ ಮ್ಯಾಲ ಸಾರ ಉಕ್ಕತಿತ್ತು, ನನಗ ಸಿಟ್ಟ ಬರತಿತ್ತು," ಎಂದು ನಗುತ್ತಾರೆ. ಮಾವ ತೀರಿಕೊಂಡರೂ ಓದುವ ಚಟ ಹೋಗಲಿಲ್ಲ. ಕಂಡಿಕೆ ಸುತ್ತಲು ಹೋದ ಮನೆಗಳಲ್ಲೇ ಓದತೊಡಗಿದರು.

ನೂಲಿನ ದೂಳಿಗೆ ಸಂಜೆಯ ಹೊತ್ತಿಗೆ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಬರೀ ಕೈಸನ್ನೆ. "ಹಿಂಗಾಗಿ ನಮ್ಮ ಮನ್ಯಾಗ ಜಗಳಿಲ್ರಿ," ಎನ್ನುತ್ತಾರೆ ಆಟೋ ಓಡಿಸುವ ಗಂಡ ಯಮನೂರಸಾಬ.

ಹೋದ ವರ್ಷದ ಒಂದು ಮುಂಜಾನೆ ಮಾತ್ರ ದಿಲಶಾದಬಿಯ ದನಿ ಓದುತ್ತ ಓದುತ್ತಲೇ ನಿಂತುಹೋಯಿತು. ಸ್ಥಳೀಯ ಪತ್ರಿಕೆಯ ಮೊದಲ ಪುಟದಲ್ಲಿ, 'ಸೀರೆ ಕಳವು: ಸಿಕ್ಕಿಬಿದ್ದ ನೇಕಾರ ಮಹಿಳೆ' ಎಂಬ ತಲೆಬರಹದ ಕೆಳಗೆ, ಎದುರಿನ ಮಗ್ಗದಲ್ಲೇ ಕುಳಿತಿದ್ದ ಕಲ್ಪನಾಳ ಹೆಸರಿತ್ತು. ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಸೀರೆ ಕಾಣೆಯಾಗಿದ್ದವು. ನೇಯ್ದ ಸೀರೆ ಒಪ್ಪಿಸಲು ಅಲ್ಲಿಗೆ ಹೋಗಿಬಂದಿದ್ದ ಕಲ್ಪನಾಳನ್ನು ಪೊಲೀಸರು ಕರೆಸಿ, ವಿಚಾರಿಸಿ, ಕಳಿಸಿದ್ದರು. ಅಷ್ಟೇ ನಡೆದದ್ದು.

"ಓದ್ರಿ ಅಕ್ಕಾ. ಏನ ಬರದಾರ ಕೇಳೂನು," ಎಂದಳು ಕಲ್ಪನಾ.

ದಿಲಶಾದಬಿ ಕೊನೆಯ ಸಾಲಿನವರೆಗೂ ಓದಿದರು. ಒಂದು ಮಗ್ಗವೂ ಅಲುಗಲಿಲ್ಲ.

"ಇದನ್ನ ಬರದವ್ರು ನಿನ್ನ ಕೇಳಿದ್ರೇನು?"

"ಇಲ್ಲಕ್ಕಾ."

ಎರಡು ದಿನದಲ್ಲಿ ಸೀರೆಗಳು ವ್ಯಾಪಾರಿಯ ಇನ್ನೊಂದು ಅಂಗಡಿಯಲ್ಲೇ ಸಿಕ್ಕವು. ಆದರೂ ನೀರಿಗೆ ಹೋದರೆ ಓಣಿಯವರು ಕಲ್ಪನಾಳನ್ನು ತಿರುತಿರುಗಿ ನೋಡುತ್ತಿದ್ದರು. ಕೂಲಿಗೆ ನೇಯಲು ನೂಲು ಕೊಡುವವರು ಸದ್ಯ ಬರಬೇಡ ಎಂದುಬಿಟ್ಟರು. ಅವಳು ಮನೆ ಬಿಟ್ಟು ಹೊರಬೀಳುವುದೇ ನಿಂತಿತು. ದಿಲಶಾದಬಿ ಅವಳ ಕೈಹಿಡಿದು ಗಂಡನ ಆಟೋ ಹತ್ತಿಸಿ, ಪತ್ರಿಕೆಯ ಕಚೇರಿಗೆ ಕರೆದೊಯ್ದರು. ಸಂಪಾದಕ ಕಿರಣಕುಮಾರ ಮಾತು ಕೇಳಿ ತಪ್ಪಾಯಿತೆಂದ. ಮರುದಿನ ಸ್ಪಷ್ಟನೆಯೂ ಬಂತು: ಒಳಪುಟದ ಮೂಲೆಯಲ್ಲಿ, ಬೋರ್‌ವೆಲ್ ಜಾಹೀರಾತಿನ ಕೆಳಗೆ, ಇರುವೆಯಂಥ ಅಕ್ಷರದಲ್ಲಿ.

ದಿಲಶಾದಬಿ ಕಲ್ಪನಾಳನ್ನು ಕರೆದುಕೊಂಡು ಮತ್ತೆ ಹೋದರು. "ಸುಳ್ಳ ಮೊದಲನೇ ಪುಟದಾಗ ಕುಂತಿತ್ರಿ. ಖರೇನೂ ಅಲ್ಲೇ ಕುಂಡ್ರಬೇಕು. ಅಷ್ಟ ದೊಡ್ಡ ಅಕ್ಷರದಾಗ."

"ಅಮ್ಮಾ, ಹಂಗ ಹಾಕೂ ಪದ್ಧತಿ ಇಲ್ಲ," ಎಂದ ಆತ.

"ಈ ಹುಡುಗಿ ಮಾರಿ ನೋಡಿ ಅದನ್ನ ಹೇಳ್ರಿ."

ಆತ ಕಲ್ಪನಾಳತ್ತ ನೋಡಿದ. ಕುರ್ಚಿ ಎಳೆದು, "ಕುಂಡ್ರಿ. ಏನಾತಂತ ನೀವ ಹೇಳ್ರಿ," ಎಂದು ಪೆನ್ನು ತೆಗೆದ.

ಆ ಭಾನುವಾರ ಕಲ್ಪನಾಳ ಮಾತು ಮೊದಲ ಪುಟದಲ್ಲಿ ಬಂತು. ಗೋಪಣ್ಣನ ಮನೆಯಲ್ಲಿ ಅದನ್ನು ಓದಿದ್ದು ಅವಳೇ. ನಡುವೆ ಎರಡು ಸಲ ಸಾಲು ತಪ್ಪಿ ಮತ್ತೆ ಓದಿದಳು; ಯಾರೂ ಅವಸರ ಮಾಡಲಿಲ್ಲ. ವಾರದೊಳಗೆ ಅವಳಿಗೆ ನೂಲೂ ಸಿಕ್ಕಿತು.

ಏನಾದರೂ ಆಸೆ ಉಂಟೇ ಎಂದರೆ ದಿಲಶಾದಬಿ ಸೆರಗಿನಿಂದ ಕನ್ನಡಕ ಒರೆಸುತ್ತಾ ಯೋಚಿಸುತ್ತಾರೆ. "ಪೇಪರನ್ಯಾಗ ಬಂದೈತಿ, ಖರೆ ಇರಬೇಕು ಅಂತಿದ್ರು ನಮ್ಮ ಓಣ್ಯಾಗಿನ ಹೆಣ್ಮಕ್ಕಳು. ಈಗ ಓದೂದು ಮುಗಿಯೂ ಮುಂಚೇನ ನನ್ನ ಜೋಡಿ ವಾದಕ್ಕ ನಿಲ್ಲತಾರ್ರಿ. ಇನ್ನೇನ ಬೇಕು ನನಗ?"