ಮಾತ್ರೆ ಮುಗಿದ ಮೇಲೂ ಪಾಸಿಟಿವ್

ನನಗೆ ಕೆಮ್ಮು ಇರಲಿಲ್ಲ. ಜ್ವರ ಇರಲಿಲ್ಲ. ಹರಪನಹಳ್ಳಿಯ ನಮ್ಮ ಮನೆಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತರೆ ಕೈಯಲ್ಲಿದ್ದ ರವಿಕೆ ಮುಗಿಸಿಯೇ ಏಳುತ್ತಿದ್ದೆ.

ಕಾಯಿಲೆ ಬಂದದ್ದು ನನ್ನ ಗಂಡ ಕೊಟ್ರೇಶಪ್ಪನವರಿಗೆ. ಮೆಕ್ಕೆಜೋಳದ ಅಂಗಡಿಯಲ್ಲಿ ಅವರ ಕೆಲಸ. ಕೆಮ್ಮು ಧೂಳಿನಿಂದ ಎಂದುಕೊಂಡು ಸುಮ್ಮನಿದ್ದರು. ಕಫದಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಹೋದೆವು. ಶ್ವಾಸಕೋಶದ ಟಿ.ಬಿ. ಅವರಿಗೆ ಚಿಕಿತ್ಸೆ ಶುರು ಮಾಡಿ, ಜೊತೆಗಿದ್ದ ನನಗೂ ಪರೀಕ್ಷೆ ಮಾಡಿದರು. ಎಕ್ಸ್‌ರೇ ಚೆನ್ನಾಗಿತ್ತು. ರಕ್ತದ ಪರೀಕ್ಷೆ ಮಾತ್ರ ಪಾಸಿಟಿವ್ ಬಂತು.

ಲೇಟೆಂಟ್ ಟಿ.ಬಿ. ಎಂದರು ಡಾಕ್ಟರಮ್ಮ. ಕ್ರಿಮಿ ಮೈಯೊಳಗೆ ಮಲಗಿದೆ, ಎದ್ದಿಲ್ಲ. ನನ್ನಿಂದ ಯಾರಿಗೂ ಹರಡುವುದಿಲ್ಲ. ಆದರೆ ಮುಂದೆ ಏಳದಂತೆ ಮಾತ್ರೆ ತೆಗೆದುಕೊಳ್ಳಬೇಕು.

ವಾರಕ್ಕೊಮ್ಮೆ, ಮೂರು ತಿಂಗಳು. ನುಂಗಿದ ದಿನ ಹೊಟ್ಟೆ ತೊಳೆಸುತ್ತಿತ್ತು. ಮೂತ್ರ ಕೆಂಪಗೆ ಹೋಗುತ್ತಿತ್ತು. ನೋವಿದ್ದು ಮಾತ್ರೆ ನುಂಗಿದರೆ ನೋವು ಹೋದಾಗ ಗುಣವಾಯಿತೆಂದು ತಿಳಿಯುತ್ತದೆ. ಏನೂ ಇಲ್ಲದೆ ನುಂಗಿದವಳಿಗೆ ಗುಣವಾದದ್ದು ತಿಳಿಯುವುದು ಹೇಗೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮಾತ್ರೆ ಮುಗಿಯುವಷ್ಟರಲ್ಲಿ ಹಡಗಲಿಗೆ ಕೊಟ್ಟ ಮಗಳು ಸುಮಾ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ. ಅವಳನ್ನು ಮನೆಗೆ ಕರೆತರುವ ಮೊದಲು ಮನಸ್ಸಿಗೊಂದು ನೆಮ್ಮದಿ ಇರಲಿ ಎಂದು, ಯಾರನ್ನೂ ಕೇಳದೆ, ದಾವಣಗೆರೆಯ ಲ್ಯಾಬೊಂದರಲ್ಲಿ ಅದೇ ಪರೀಕ್ಷೆಗೆ ಮತ್ತೆ ರಕ್ತ ಕೊಟ್ಟೆ. ರಿಪೋರ್ಟ್ ಮೊಬೈಲಿಗೆ ಬಂತು.

ಪಾಸಿಟಿವ್.

ರಿಪೋರ್ಟಿನಲ್ಲಿದ್ದ ಅಂಕಿ ಮೊದಲ ಸಲಕ್ಕಿಂತ ಹೆಚ್ಚಿತ್ತು.

ಮಲಗಿದ್ದ ಕ್ರಿಮಿ ಎದ್ದೇಬಿಟ್ಟಿದೆ ಎಂದುಕೊಂಡೆ. ತಿಂದ ಮಾತ್ರೆಯೆಲ್ಲ ನೀರಿಗೆ ಹಾಕಿದ ಹಾಗಾಯಿತೆಂದು ಅತ್ತುಬಿಟ್ಟೆ. ಆಮೇಲೆ ಮಗಳಿಗೆ ಫೋನ್ ಮಾಡಿದೆ.

"ನೀ ಇಲ್ಲಿಗೆ ಬರಬ್ಯಾಡವ್ವ. ಹೆರಿಗಿ ಅಲ್ಲೇ ಆಗ್ಲಿ."

"ಯಾಕಬೇ? ನಾ ಏನ್ ಮಾಡೀನಿ?" ಎಂದವಳ ದನಿ ಒಡೆಯಿತು. ನಾನು ಕಾರಣ ಹೇಳಲಾರದೆ ಫೋನ್ ಇಟ್ಟೆ.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಗೋಡೆಗೆ ಒರಗಿ ಕೂತರು. "ನನ್ನಿಂದ ಬಂದಿದ್ದು ನಿನಗ," ಎಂದರು. ಕಾಯಿಲೆ ಬಿದ್ದಾಗಲೂ ಅವರ ಮುಖ ಅಷ್ಟು ಬಾಡಿರಲಿಲ್ಲ. ಆಮೇಲೆ ನನ್ನ ಮೊಬೈಲ್ ಕೈಗೆತ್ತಿಕೊಂಡು, "ಡಾಕ್ಟ್ರಿಗೆ ತೋರ್ಸಿದೇನು? ಇಲ್ಲಾ? ಮತ್ತ ನೀನ ಯಾಕ ತೀರ್ಮಾನ ಮಾಡ್ದಿ? ನಡಿ, ನಾಳಿ ಹೋಗೋಣು," ಎಂದರು.

ಡಾಕ್ಟರಮ್ಮ ರಿಪೋರ್ಟನ್ನು ಪಕ್ಕಕ್ಕಿಟ್ಟು ಮೊದಲು ನನ್ನನ್ನೇ ಕೇಳಿದರು. ಕೆಮ್ಮು? ಸಂಜೆ ಜ್ವರ? ರಾತ್ರಿ ಬೆವರು? ತೂಕ ಇಳಿದಿದೆಯೇ? ಯಾವುದೂ ಇರಲಿಲ್ಲ. ಎದೆಗೆ ಸ್ಟೆಥಸ್ಕೋಪ್ ಇಟ್ಟು ನೋಡಿದರು. ನನ್ನ ಮುಖ ನೋಡಿಯೋ ಏನೋ, ಎಕ್ಸ್‌ರೇಯನ್ನೂ ತೆಗೆಸಿದರು. ಅದೂ ಚೆನ್ನಾಗಿತ್ತು.

"ಈ ಟೆಸ್ಟ್ ಮತ್ತ ಮಾಡ್ಸೋದ ಬೇಕಿರಲಿಲ್ಲಮ್ಮ," ಎಂದರು. "ಕ್ರಿಮಿ ಜೀವಂತ ಐತೋ ಸತ್ತೈತೋ ಅಂತ ಇದು ಹೇಳಂಗಿಲ್ಲ. ನಿಮ್ಮ ರಕ್ತ ಆ ಕ್ರಿಮೀನ ಗುರ್ತು ಹಿಡೀತೈತಿ, ಅಷ್ಟ ಹೇಳ್ತೈತಿ. ಮಾತ್ರಿ ಪೂರ್ತಿ ತಗೊಂಡ ಮ್ಯಾಲೂ ಬಾಳ ಮಂದಿಗೆ ಪಾಸಿಟಿವ್ವೇ ಇರ್ತೈತಿ."

"ಅಂಕಿ ಜಾಸ್ತಿ ಆಗೈತಲ್ರಿ?"

"ಅದು ಏರ್ತೈತಿ, ಇಳೀತೈತಿ. ಅದರಿಂದ ಔಷಧ ನಾಟೈತೋ ಇಲ್ಲೋ ಅಂತ ಅಳೆಯಾಕ ಬರಂಗಿಲ್ಲ."

"ಮತ್ತ ನನಗ ಗುಣ ಆಗೈತಿ ಅಂತ ಹೆಂಗ ತಿಳ್ಕೊಳ್ಲಿ?"

"ಅದಕ್ಕೊಂದು ಟೆಸ್ಟ್ ಇಲ್ಲಮ್ಮ. ಮಾತ್ರಿ ತಪ್ಪಿಸದ ತಗೊಂಡೀರಿ, ಕಾಯಿಲೆ ಬರೋ ಸಾಧ್ಯತೆ ಬಾಳ ಕಡಿಮಿ ಆಗೈತಿ. ಪೂರಾ ಇಲ್ಲ ಅಂತ ಬರದು ಕೊಡಾಕ ನನಗ ಆಗಂಗಿಲ್ಲ. ಎರಡು ವಾರ ಕೆಮ್ಮು ನಿಲ್ಲಲಿಲ್ಲ, ಜ್ವರ ಬಂತು, ತೂಕ ಇಳೀತು ಅಂದ್ರ ಬರ್ರಿ."

"ಬಾಣಂತನ?" ನನ್ನ ಬಾಯಿಂದ ಅದೊಂದೇ ಮಾತು ಹೊರಟಿತು.

"ಮಾಡ್ರಿ. ನಿಮ್ಮಿಂದ ಕೂಸಿಗೇನೂ ಆಗಂಗಿಲ್ಲ. ಯಜಮಾನ್ರ ಕಫದ ಪರೀಕ್ಷೆನೂ ನೆಗೆಟಿವ್ ಬಂದೈತಿ, ಅವರೂ ಎತ್ಕೊಳ್ಳಲಿ."

ಪಕ್ಕದಲ್ಲಿ ನಿಂತಿದ್ದ ಗಂಡ ಟವೆಲಿನಿಂದ ಕಣ್ಣೊರೆಸಿಕೊಂಡರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೇ ಸುಮಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಮೊದಲು ಬೈದಳು, ಆಮೇಲೆ ಅತ್ತಳು. ಬೀಗತಿ ಫೋನ್ ಇಸಿದುಕೊಂಡು, "ನಮಗೂ ಹೆದ್ರಿಕಿ ಐತ್ರಿ, ಸುಳ್ಳು ಹೇಳಂಗಿಲ್ಲ. ಆ ಡಾಕ್ಟ್ರ ಹತ್ರ ಒಮ್ಮಿ ನಾನೂ ಮಾತಾಡ್ತೀನಿ," ಎಂದರು. ಮಾತಾಡಿದರು. ಮರುವಾರ ತಾವೇ ಸೊಸೆಯನ್ನು ಕರೆತಂದು ಬಿಟ್ಟರು.

ಹೆಣ್ಣು ಕೂಸು. ಈಗ ಎರಡು ತಿಂಗಳು. ಮೊನ್ನೆ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ, ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದೆ. ಒಲೆಯ ಹೊಗೆಗೆ ಕೆಮ್ಮು ಬಂತು. ಒಮ್ಮೆ, ಮತ್ತೊಮ್ಮೆ. ನೀರೆತ್ತಿದ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿದ್ದ ಸುಮಾ ನನ್ನನ್ನು ನೋಡುತ್ತಿದ್ದಳು. ಕೂಸನ್ನು ತೆಗೆದುಕೋ ಎನ್ನುವಂತೆ ಅವಳ ಕಡೆ ನೋಡಿದೆ.

ಅವಳು ಹೊಗೆಯುತ್ತಿದ್ದ ಕಟ್ಟಿಗೆಯನ್ನು ಒಳಕ್ಕೆ ನೂಕಿದಳು.

"ನೀರು ಆರಾಕತ್ಯಾವು. ಎರಿ ಬೇ," ಎಂದಳು.